ಅತ್ತೆಯ ಕಣ್ಣಿಗಾಗಿ ಕೊಯ್ದ ಚಾಪೆ

ಮೊನ್ನೆ ಮಗ ಸಂತೆಯಿಂದ ಹೊಸ ಓಲೆಚಾಪೆ ತಂದ. ಬಿಗುವು ಬಿಡಲೆಂದು ನೀರು ಚಿಮುಕಿಸಿದೆ. ಹಸಿ ತಾಳೆಗರಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ಪಕ್ಕದ ಮನೆಯ ಮಾಮ ನೆನಪಾದರು...

ಘಟ್ಟದ ಮೇಲೆ ದೊಡ್ಡ ಅಣೆ ಕಟ್ಟುತ್ತಿದ್ದ ಕಾಲ ಅದು. ನಾನು ನಿಲಕ್ಕೋಟ್ಟೈ ಹತ್ತಿರದ ಊರಿಗೆ ಆಗಷ್ಟೇ ಸೊಸೆಯಾಗಿ ಬಂದಿದ್ದೆ. ಮಾಮ ಮುಂಗೋಪಿ. ಎತ್ತಿಗೂ ಬೈಯುವರು, ಮೋಡಕ್ಕೂ ಬೈಯುವರು. ಅವರ ಹೆಂಡತಿಯನ್ನು ನಾನು ಅತ್ತೆ ಅನ್ನುತ್ತಿದ್ದೆ. ಮೈಮೇಲೆ ಸಿಡುಬಿನ ಅಮ್ಮ ಎದ್ದು ಹೋದ ಮೇಲೆ ಅತ್ತೆಯ ಕಣ್ಣು ಬಲು ಸೂಕ್ಷ್ಮವಾಗಿತ್ತು. ಒಮ್ಮೆ ಆಡಿ, ಅಂದರೆ ಆಷಾಢ ತಿಂಗಳ ಗಾಳಿಗೆ ಸಿಕ್ಕಿ ರೆಪ್ಪೆ ಊದಿ, ಎಷ್ಟೋ ದಿನ ಕಣ್ಣು ತೆರೆಯಲಾಗಿರಲಿಲ್ಲವಂತೆ.

ಅಂಥದೇ ಆಡಿಯಲ್ಲಿ ಬೋಡಿನಾಯಕನೂರಿಂದ ಆಳು ಬಂದ. ಅತ್ತೆಯ ತಾಯಿಗೆ ಇಂದೋ ನಾಳೆಯೋ ಎನ್ನುವ ಹಾಗಿದೆ ಎಂದ. ಬೋಡಿಗೆ ಹೋಗುವುದೆಂದರೆ ಘಟ್ಟದಿಂದ ನುಗ್ಗುವ ಗಾಳಿಗೆ ದಾರಿಯುದ್ದಕ್ಕೂ ಮುಖ ಕೊಡಬೇಕು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಹೋಗು ಎಂದರು ಊರವರು.

"ಬಟ್ಟೆ ಒಳಕ್ಕೂ ದೂಳು ಹೋಗ್ತದೆ. ಊದಿದ ಕಣ್ಣಲ್ಲಿ ಅವ್ವನ ಮೊಗ ಹೆಂಗ್ ನೋಡ್ಲಿ?" ಎಂದರು ಅತ್ತೆ.

ಮಾಮ ಕಮಾನು ಗಾಡಿಯನ್ನು ಬಯಲಿಗೆ ಎಳೆದರು. ಕಮಾನಿನ ಮುಂಬಾಯಿಗೆ ಓಲೆಚಾಪೆ ಕಟ್ಟಿ ಪೂರ್ತಿ ಮುಚ್ಚಿದರು. ನನ್ನನ್ನು ಒಳಗೆ ಕೂರಿಸಿ, ಕೈಗೆ ಒಲೆಬೂದಿ ಕೊಟ್ಟರು.

"ಬಿಡು ಮಗಾ, ಗಾಳಿ ಎಲ್ಲಿ ತಿರುಗ್ತದೆ ನೋಡಾನ."

ಬಿಟ್ಟೆ. ಗಾಳಿ ಗಾಡಿಯನ್ನು ಬಳಸಿಕೊಂಡು ಹಿಂದಿನಿಂದ ನುಗ್ಗಿತು. ಬೂದಿಯೆಲ್ಲ ನನ್ನ ಮುಖಕ್ಕೆ. ಚಾಪೆ ಅರ್ಧಕ್ಕೆ ಇಳಿಸಿದರೆ ಗಾಳಿ ಅದರ ತಲೆ ಹಾರಿ ಬಂದು ಒಳಗೇ ಸುತ್ತು ಹೊಡೆಯಿತು. ಮಾಮ ಬೈದರು, ಬಿಚ್ಚಿದರು, ಮತ್ತೆ ಕಟ್ಟಿದರು. ಕಡೆಗೆ ಚಾಪೆಯನ್ನು ಹಿಂದಕ್ಕೆ ಓರೆಯಾಗಿ ಕಟ್ಟಿ, ಬುಡದಲ್ಲಿ ಕುಡುಗೋಲಿನಿಂದ ಉದ್ದಕ್ಕೆ ಸೀಳಿದರು. ದೂಳು ಹಿಡಿಯಲೆಂದು ಸೀಳಿಗೆ ಒದ್ದೆ ಗೋಣಿ ಇಳಿಬಿಟ್ಟರು. ಈ ಸಲ ಬೂದಿ ಗಾಡಿಯ ಹಲಗೆಯ ಮೇಲೇ ಸರಿದು ಹಿಂದೆ ಹೊರಟುಹೋಯಿತು.

"ಹೋಯ್ತು ಮಾಮಾ!" ಎಂದು ಕೂಗಿದೆ. ಬೂದಿ ಮೆತ್ತಿದ ನನ್ನ ತಲೆ ನೋಡಿ ಮಾಮ ನಕ್ಕರು. ಅವರು ನಕ್ಕಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಜೊತೆಗಿರಲೆಂದು ನನ್ನನ್ನೂ ಕರೆದೊಯ್ದರು. ಪೆರಿಯಕುಳಂ ದಾಟಿದ ಮೇಲೆ ಗಾಳಿಗೆ ಹುಚ್ಚು ಹಿಡಿಯಿತು. ಚಾಪೆಯ ಒಂದು ಕಟ್ಟು ಹರಿಯಿತು. ಮಾಮ ಕೆಳಗಿಳಿದು, ಅದರ ಅಂಚನ್ನು ಹೆಗಲಿಗೆ ಒತ್ತಿಕೊಂಡು ಗಾಡಿಯ ಪಕ್ಕದಲ್ಲೇ ನಡೆದರು. ತಮ್ಮ ಕಣ್ಣಿಗೆ ಏನೂ ಕಟ್ಟಿಕೊಂಡಿರಲಿಲ್ಲ.

ಬೋಡಿಯಲ್ಲಿ ಅತ್ತೆ ತಿಳಿಗಣ್ಣಲ್ಲಿ ಇಳಿದರು. ತಾಯಿ ಅವರ ಗದ್ದ ಹಿಡಿದು, "ಬಂದ್ಯಾ..." ಎಂದರು. ಮರುದಿನ ತಾಯಿಯ ಉಸಿರು ನಿಲ್ಲುವವರೆಗೂ ಅತ್ತೆ ಆ ಮುಖದಿಂದ ಕಣ್ಣು ಕೀಳಲಿಲ್ಲ. ಮಾಮ ಬಾವಿಕಟ್ಟೆಯಲ್ಲಿ ಕೂತು, ಕೆಂಡದಂತಾದ ಕಣ್ಣಿಗೆ ನೀರು ಎರಚಿಕೊಳ್ಳುತ್ತಿದ್ದರು.

ಆಮೇಲೊಂದು ವರ್ಷ ಮಾಮ ಜ್ವರದಲ್ಲಿ ಹೋದರು. ಅತ್ತೆಯ ಕಣ್ಣಿನ ಬೆಳಕೂ ಪೂರ್ತಿ ಆರಿತು. ನಮ್ಮ ಜಗಲಿಗೆ ಬಂದು ಕೂರುತ್ತಿದ್ದರು.

"ಅವ್ವನ ಮೊಗ ಈಗ್ಲೂ ಎದುರಿಗೈತೆ ಮಗಾ. ಅವರ ಮೊಗಾನೇ ಸಿಕ್ತಿಲ್ಲ... ದಿನಾ ಇದ್ದೋರಲ್ವಾ, ನಿಂತು ನೋಡ್ಲೇ ಇಲ್ಲ. ಹೆಂಗಿದ್ರು, ಹೇಳು."

ನಾನು ಹೇಳುತ್ತಿದ್ದೆ. ಪೊದೆ ಹುಬ್ಬು, ಸ್ವಲ್ಪ ವಾರೆ ಮೂಗು, ನಕ್ಕರೆ ಕೆನ್ನೆಯಲ್ಲಿ ಬೀಳುವ ಗೆರೆ... ಪ್ರತಿ ಸಲವೂ ಮೊದಲ ಸಲವೆಂಬಂತೆ ಕೇಳುತ್ತಿದ್ದರು.

ಅತ್ತೆ ಹೋಗಿ ಬಹಳ ಕಾಲವಾಯಿತು. ಕೇಳುವವರಿಲ್ಲದೆ ನನಗೂ ಹೇಳುವುದು ತಪ್ಪಿತು. ಈಗ ಕಣ್ಣು ಮುಚ್ಚಿದರೆ ಮಾಮನ ಹುಬ್ಬು ಬರುತ್ತದೆ, ಮೂಗು ಬರುತ್ತದೆ. ಆ ನಗುವಿನ ಗೆರೆ ಯಾವ ಕೆನ್ನೆಯಲ್ಲಿತ್ತು... ಎಡಕ್ಕೋ, ಬಲಕ್ಕೋ... ಕೇಳೋಣವೆಂದರೆ ಅವರನ್ನು ಕಂಡವರು ಈ ಬೀದಿಯಲ್ಲಿ ಯಾರೂ ಇಲ್ಲ.