ನಾಲ್ಕಾಣೆ ಬಿಸಿಲು

"ಅದೊಂದು ಹೆಂಚು ಮುಟ್ಬೇಡಿ" ಅಂತ ಇವತ್ತು ನಮ್ಮತ್ತೆ ಕೆಳಗಿನಿಂದ ಕೂಗಿದ್ದಕ್ಕೆ ಹೆಂಚಿನವರು ಸೂರಿನ ಮೇಲೆ ಹಾಗೇ ನಿಂತುಬಿಟ್ರು. ನೀವೇ ಹೇಳಿ, ಮಳೆಗೆ ಮುಂಚೆ ರಿಪೇರಿ ಆಗ್ಲಿ ಅಂತ ಕರೆಸಿದ್ದು ನಾನು. ಮಳೆನೀರು ಹರಿಯೋ ಸೂರಿನ ದೋಣಿಯಲ್ಲಿ ತುಂಬಿದ್ದ ಹೊಂಗೆ ಎಲೆ ತೆಗೆದಾಗಿತ್ತು, ಒಡೆದ ಹೆಂಚೆಲ್ಲ ಬದಲಾಯಿಸಿ ಆಗಿತ್ತು. ಉಳಿದಿದ್ದು ಅದೊಂದೇ.

ಆ ಹೆಂಚಿನ ತೂತಿನಿಂದ ಮಧ್ಯಾಹ್ನ ನಾಲ್ಕಾಣೆಯಷ್ಟಗಲ ಬಿಸಿಲು ನಡುಮನೆಗೆ ಬೀಳುತ್ತೆ. ಕೆಂಪು ನೆಲದ ಮೇಲೆ ಅದು ಮೆತ್ತಗೆ ಜರುಗುತ್ತೆ, ಅತ್ತೆ ಅದನ್ನೇ ನೋಡ್ತಾ ತೂಕಡಿಸ್ತಾರೆ. ಅದು ಕಂಬದ ಬುಡ ಮುಟ್ಟಿದರೆ ನಾಲ್ಕು ಗಂಟೆ. ಆಗ ಎದ್ದು ಎಲ್ಲರಿಗೂ ಕಾಫಿ ಮಾಡ್ತಾರೆ. ಅವರ ಕಾಫಿ ಫಿಲ್ಟರ್ ಬೇರೆ ಯಾರೂ ಮುಟ್ಟೋ ಹಾಗಿಲ್ಲ.

"ಮಳೆ ಬಂದ್ರೆ ಸೋರುತ್ತಲ್ಲಾ ಅತ್ತೆ" ಅಂದೆ.

"ಚೊಂಬು ಇಡ್ತೀನಿ."

"ಗಾಜಿನ ಹೆಂಚು ಹಾಕ್ಲಾ ಅಮ್ಮಾ?" ಅಂತ ಮೇಲಿಂದ ಹೆಂಚಿನವರು ಕೇಳಿದ್ರು.

"ಅಷ್ಟೊಂದು ಬೆಳಕು ಯಾರಿಗೆ ಬೇಕಪ್ಪಾ? ನಂಗೆ ಇಷ್ಟೇ ಸಾಕು."

ಸಿಟ್ಟು ಬಂದು ಒಳಗೆ ಹೋದೆ. ಹೆಂಚು ಹಾಗೇ ಉಳೀತು. ಹೆಂಚಿನವರು ಆಚೆ ಹೋಗಿದ್ದೇ ತಡ, ಮೋಡ ಕವಿದು ಚಾಮರಾಜಪೇಟೆಗೆಲ್ಲ ಮಳೆ ಹಿಡೀತು. ಈಗ ಚೊಂಬಿಗೆ ಟಪ್ ಟಪ್ ಅಂತ ನೀರು ಬೀಳ್ತಿದೆ. ಅತ್ತೆ ಕಂಬದ ಬುಡ ನೋಡ್ತಾ ಕೂತಿದಾರೆ. ಪಕ್ಕದಲ್ಲಿ ನಾನೂ ಅದನ್ನೇ ನೋಡ್ತಾ ಕೂತಿದೀನಿ.

ಫೋನಲ್ಲಿ ಐದೂಮುಕ್ಕಾಲು. ಕಾಫಿ ಬಂದಿಲ್ಲ. ನಮ್ಮನೇಲಿ ಇನ್ನೂ ನಾಲ್ಕಾಗಿಲ್ಲ.