ಕಡಲೆಕಾಯಿಯಲ್ಲಿ ಅಳೆದ ಕಿಲೋಮೀಟರು

ಮಡಿಕೇರಿಯಿಂದ ಹೊರಟು ಮೂರ್ನಾಡು, ವಿರಾಜಪೇಟೆ ದಾಟಿ, ಮಾಕುಟ್ಟದ ಕಾಡಿನಲ್ಲಿ ಇಳಿದು ಕೇರಳ ಸೇರುವ ಹೆದ್ದಾರಿ ನಮ್ಮ ಗೇಟಿನ ಮುಂದೆಯೇ ಹೋಗುತ್ತದೆ. ಅದು ಎತ್ತಿನಗಾಡಿಯ ದಾರಿಯಾಗಿದ್ದ ಕಾಲದ ಕಥೆಗಳನ್ನು ತಮ್ಮ ತಂದೆಯಿಂದ ಕೇಳಿ, ತಾವೇ ಗಾಡಿ ಹೊಡೆದವರಂತೆ ಹೇಳುವುದು ನನ್ನ ಮಾವನವರ ರೂಢಿ. ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿ ಆಳುಗಳ ಹಾಜರಿ, ಪಿಕ್ಕಿಂಗಿನ ತೂಕ ಬರೆದವರು. ತಪ್ಪು ಅಂಕಿ ಕಂಡರೆ ಅವರಿಗೆ ಊಟ ಸೇರುವುದಿಲ್ಲ.

ಹೋದ ವರ್ಷ ರಸ್ತೆಗೆ ಡಾಂಬರು ಹಾಕಿ ಹೊಸ ಕಿಲೋಮೀಟರ್ ಕಲ್ಲು ನೆಟ್ಟರು. ನಮ್ಮ ಗೇಟಿನ ಕಲ್ಲಿನಲ್ಲಿ ‘ವಿರಾಜಪೇಟೆ ೧೩’. ವಿರಾಜಪೇಟೆ ಕಡೆಗಿನ ಮುಂದಿನ ಕಲ್ಲಿನಲ್ಲೂ ‘ವಿರಾಜಪೇಟೆ ೧೩’!

“ಕಲ್ಲು ಕಂಡಕಂಡಲ್ಲಿ ನೆಟ್ಟವ್ರೆ. ಅಳೆದೇಬಿಡಾನ, ಬಾರಮ್ಮ,” ಎಂದರು ಮಾವ.

ಹಳೇ ಸೈಕಲ್ಲಿನ ಚಕ್ರಕ್ಕೆ ಕೆಂಪು ರಿಬ್ಬನ್ ಕಟ್ಟಿದರು. ಚಕ್ರ ಹತ್ತು ಸುತ್ತು ಉರುಳಿದರೆ ನಾನು ನನ್ನ ಚೀಲದಿಂದ ಒಂದು ಹುರಿದ ಕಡಲೆಕಾಯಿ ತೆಗೆದು ಹ್ಯಾಂಡಲ್ಲಿಗೆ ನೇತುಹಾಕಿದ ಚೀಲಕ್ಕೆ ಹಾಕಬೇಕು. ಕಿಲೋಮೀಟರಿಗೆ ನಲವತ್ತೇಳು ಕಡಲೆಕಾಯಿ ಎಂದು ಅವರು ಮೊದಲೇ ಲೆಕ್ಕ ಹಾಕಿದ್ದರು.

ಮಾವ ಸೈಕಲ್ ತಳ್ಳಿದರು, ನಾನು ಎಣಿಸಿದೆ. ಎದುರು ಬಂದವರೆಲ್ಲ “ಪಂಚರಾ?” ಎಂದು ಕೇಳಿದರು. ಅವರಿಗೆ ಉತ್ತರ ಕೊಟ್ಟರೆ ಎಣಿಕೆ ತಪ್ಪುತ್ತದೆಂದು ನಾನು ಬಾಯಿ ಬಿಡಲಿಲ್ಲ. ಸೊಸೆಗೆ ಮಾವನ ಮೇಲೆ ಮುನಿಸು ಎಂದುಕೊಂಡಿರಬೇಕು.

ಮುಂದಿನ ಕಲ್ಲಿನ ಪಕ್ಕದ ಚಹಾದಂಗಡಿಯಲ್ಲಿ ಚೀಲ ಸುರಿದೆವು. ಇದ್ದದ್ದು ಇಪ್ಪತ್ತೇ!

“ನೋಡ್ದಾ? ಅರ್ಧ ಕಿಲೋಮೀಟರೂ ಇಲ್ಲ!” ಮಾವ ಬೆಂಚು ಗುದ್ದಿದರು.

ಅಂಗಡಿಯ ಮಲಯಾಳಿ ಅವರ ಮುಖವನ್ನೇ ನೋಡುತ್ತಿದ್ದ. “ರೈಟರೇ, ಬಾಕಿ ಲೆಕ್ಕ ನಿಮ್ಮ ಮೀಸೆಯಲ್ಲಿ ಉಂಟಲ್ಲ.”

ಮೀಸೆಯ ತುಂಬ ಕಡಲೆಯ ಕೆಂಪು ಹೊಟ್ಟು. ದಾರಿಯುದ್ದಕ್ಕೂ ತಮಗೇ ತಿಳಿಯದಂತೆ ತಿನ್ನುತ್ತ ಬಂದಿದ್ದರು! ಪುಣ್ಯಕ್ಕೆ ರಸ್ತೆಯಲ್ಲಿ ಕಸ ಹಾಕುವವರಲ್ಲ; ಸಿಪ್ಪೆಯೆಲ್ಲ ಅಂಗಿಯ ಜೇಬಿನಲ್ಲಿತ್ತು. ಸಿಪ್ಪೆಯ ಹೋಳುಗಳನ್ನು ಜೋಡಿಸಿ ಎಣಿಸಿದೆವು. ಇಪ್ಪತ್ತೇಳು. ಒಟ್ಟು ನಲವತ್ತೇಳು. ಕಲ್ಲುಗಳು ಸರಿಯಾದ ಜಾಗದಲ್ಲೇ ಇದ್ದವು.

ಹಾಗಾದರೆ ಅಂಕಿ? ಅಲ್ಲೇ ಚಹಾ ಕುಡಿಯುತ್ತಿದ್ದ ರಸ್ತೆ ಕೆಲಸದ ಮೇಸ್ತ್ರಿಯನ್ನು ಮಾವ ಹಿಡಿದರು.

“ನಾಲ್ಕರ ಅಚ್ಚು ಕಳೆದೋಯ್ತು ಯಜಮಾನ್ರೇ,” ಎಂದ ಆತ. “ಹತ್ರದ ಅಂಕಿ ಅಂತ ಮೂರು ಹೊಡೆದ್ವಿ.”

ಮಾವ ಮನೆಗೆ ಬಂದವರೇ ತಮ್ಮ ಮೊಣಕಾಲಿನ ಹಳೇ ಎಕ್ಸ್‌ರೇ ಹಾಳೆಯಲ್ಲಿ ‘೪’ ಕತ್ತರಿಸಿದರು. ಮೇಸ್ತ್ರಿ ಬಣ್ಣದ ಡಬ್ಬಿ ತಂದು, ಗೇಟಿನ ಕಲ್ಲಿನ ಮೂರನ್ನು ಬಿಳಿ ಬಳಿದು ಮುಚ್ಚಿದ. ಅದು ಒಣಗಿದ ಮೇಲೆ ಮಾವ ಹಾಳೆ ಒತ್ತಿಹಿಡಿದು ಕರಿಬಣ್ಣ ಹಚ್ಚಿ, ನಿಧಾನವಾಗಿ ಎತ್ತಿದರು.

“ಮಾವ, ಹಾಳೆ ತಲೆಕೆಳಗಾಗಿ ಇಟ್ಟಿದ್ದೀರಿ. ನಾಲ್ಕು ಉಲ್ಟಾ ಆಗಿದೆ,” ಎಂದೆ.

ಅವರು ಎರಡು ಹೆಜ್ಜೆ ಹಿಂದೆ ಸರಿದು, ತಲೆ ವಾಲಿಸಿ ನೋಡಿದರು.

“ಆದ್ರೇನೀಗ? ಮೂರಂತೂ ಅಲ್ವಲ್ಲ,” ಎಂದು ಊಟಕ್ಕೆ ನಡೆದರು.