ಕುಂಕುಮ ಹಚ್ಚಿದ ಸೌಟು

ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಆಯುಧಪೂಜೆಯ ಮಂಗಳಾರತಿ ಆಗಷ್ಟೇ ಮುಗಿದಿತ್ತು. ನಾಯಂಡಹಳ್ಳಿಯ ನಮ್ಮ ಶೆಡ್ಡಿನಲ್ಲಿ ಹಳೇ ಕುಕ್ಕರ್ ಮುಚ್ಚಳ, ಕಿಟಕಿ ಚೌಕಟ್ಟು, ಬೈಕಿನ ಪಿಸ್ಟನ್ ಎಲ್ಲ ಕರಗಿ ಮಿಕ್ಸಿ ಜಾರಿನ ತಳಗಳಾಗುತ್ತವೆ. ಅವುಗಳಲ್ಲಿ ತೂತು, ಬಿರುಕು ಇದೆಯೇ ಎಂದು ನೋಡುವುದು ನನ್ನ ಕೆಲಸ. ಅವತ್ತು ಬಾಗಿಲ ಹತ್ತಿರ ಕಡಲೆಪುರಿ ಹಂಚುತ್ತಿದ್ದೆ.

ಬೇರೆ ವರ್ಷ ಪೂಜೆಯ ದಿನ ಕುಲುಮೆಗೆ ರಜೆ. ಈ ಸಲ ಕುಲುಮೆ ಹೊಸದು. "ಶಾಸ್ತ್ರಕ್ಕೆ ಒಂದೇ ಒಂದು ಎರಕ ಹುಯ್ದುಬಿಡಿ" ಎಂದರು ಮಾಲೀಕರು. ಮಾಮೂಲಿ ದಿನ ಕರಗಿದ ಲೋಹ ಮೊಗೆಯುವ ಸೌಟನ್ನು ಕುಲುಮೆಯ ಬಾಯಿಗೆ ಹಿಡಿದು ಕಾಯಿಸಿಯೇ ಅದ್ದುವುದು. ಅವತ್ತು ಅದನ್ನು ತೊಳೆದು, ಅರಿಶಿನ ಕಲಸಿ ಬಳಿದು, ಕುಂಕುಮ ಇಟ್ಟಿದ್ದರು. ಪೂಜೆಯ ಕುಂಕುಮ ಕಣ್ಣೆದುರೇ ಕರಕಲಾಗುವುದು ಯಾರಿಗೂ ಬೇಡವಾಗಿತ್ತು. ಕಾಯಿಸದೆ ಹಾಗೇ ಅದ್ದಿದರು.

ಹಸಿ ಅರಿಶಿನದ ನೀರು ಕರಗಿದ ಅಲ್ಯೂಮಿನಿಯಂ ಒಳಗೆ ಒಂದೇ ಏಟಿಗೆ ಆವಿಯಾಯಿತು. ಲೋಹ ಢಮ್ ಎಂದು ಸಿಡಿದು ತಗಡಿನ ಸೂರಿಗೆ ಅಂಟಿಕೊಂಡಿತು. ಎರಕ ಹುಯ್ಯುವ, ಗದಗ ಊರಿನ ಅಣ್ಣ ಎಡಗೈ ಹಿಡಿದುಕೊಂಡು ಕುಸಿದರು. ಹೊರಗಿನ ನಲ್ಲಿಗೆ ಎಳೆದೊಯ್ದು ನೀರು ಬಿಟ್ಟೆ. ಚರ್ಮದ ಮೇಲೆ ಬೆಳ್ಳಿಯಂಥ ಹನಿಗಳು ಹೊಳೆಯುತ್ತಲೇ ಇದ್ದವು.

ಆಮೇಲೆ ಕಣ್ಣು ಮುಚ್ಚಿದರೆ ಸಾಕು, ಅದೇ ಸದ್ದು. ಎದ್ದು ಕೂರುತ್ತಿದ್ದೆ. ಈಗಲೂ ಬರೆಯುವಾಗ ಕಿವಿ ಅತ್ತಲೇ ಇದೆ.

ಕೆಲಸ ನಿಂತು ಕೆಲವು ವಾರಗಳಾದ ಮೇಲೆ ಮಾಲೀಕರು, "ದೃಷ್ಟಿ ಆಗಿದೆ. ಶಾಂತಿ ಮಾಡ್ಸಿ ಶುರು ಮಾಡೋಣ" ಎಂದರು. ಹೋಗಿ ನೋಡಿದರೆ ಸೌಟಿಗೆ ಮತ್ತೆ ಹಸಿ ಅರಿಶಿನ. ಇನ್ನೊಬ್ಬರ ಕೈ ಸುಡಬಾರದು, ನನಗೆ ಬೇಕಿದ್ದದ್ದು ಅಷ್ಟೇ.

"ಸಾರ್, ಪೂಜೆ ಮಾಡ್ಸಿ. ಕಾಯಿಸದೆ ಸೌಟು ಒಳಗೆ ಇಳಿಯೋ ಹಾಗಿಲ್ಲ."

ಮಾಲೀಕರ ತಾಯಿ ಅಡ್ಡ ಬಂದರು. "ಅರಿಶಿನ ಕುಂಕುಮ ಸುಡ್ತಾರೇನಮ್ಮ? ಶುಭ ಅಲ್ಲ ಕಣೇ."

"ಅಜ್ಜಿ, ಹೋದ ಸಲ ಸುಟ್ಟಿದ್ದು ಕೈ."

ಪೂಜೆಗೆಂದು ಬಂದಿದ್ದ ಗದಗದ ಅಣ್ಣ ಬ್ಯಾಂಡೇಜಿನ ಕೈ ಎದೆಗೆ ಒತ್ತಿಕೊಂಡು ನಿಂತಿದ್ದರು. "ಅಮ್ಮಾರ, ನಂದು ಇನ್ನೊಂದು ಕೈ ಉಳದೈತ್ರಿ. ಅದನ್ನೂ ಪೂಜಿಗೆ ಇಡ್ಲೇನ್ರಿ?"

ಯಾರೋ ಕಿಸಕ್ಕನೆ ನಕ್ಕರು. ಅಜ್ಜಿ ನಗಲಿಲ್ಲ, ಆದರೆ ಪಕ್ಕಕ್ಕೆ ಸರಿದರು. ಸೌಟನ್ನು ನಾನೇ ಎತ್ತಿಕೊಂಡು ಕುಲುಮೆಯ ಬಾಯಿಗೆ ಹಿಡಿದೆ. ಕಾವಿಗೆ ಮುಖ ಉರಿಯಿತು. ಅರಿಶಿನ ಚುರ್ ಎಂದು ಕಂದಿತು, ಕುಂಕುಮ ಕಪ್ಪಾಯಿತು. ಹೊಗೆ ಪೂರ್ತಿ ನಿಲ್ಲುವವರೆಗೂ ಹಿಡಿದೇ ಇದ್ದೆ. ಆಮೇಲೆ ಹೊಸ ಎರಕದವನ ಕೈಗೆ ಕೊಟ್ಟೆ.

ಅವನು ಅದ್ದಿದ. ಕರಗಿದ ಲೋಹದ ಮೇಲಿನ ಕೆನೆ ಸರಿದು ಸೌಟು ತುಂಬಿತು. ಸದ್ದೇ ಇಲ್ಲ.

ಅವತ್ತು ಶುಕ್ರವಾರ. ಬಾಪೂಜಿ ನಗರದ ಮನೆಗೆ ಬಂದು, ಉಂಡು ಮಲಗಿದೆ. ಶನಿವಾರ ಅಮ್ಮ ಎರಡು ಸಲ ಬಂದು ಎಬ್ಬಿಸಿದಳಂತೆ. ನನಗೆ ಗೊತ್ತೇ ಆಗಲಿಲ್ಲ.